ಕೂಟವನ್ನು ಬಿಟ್ಟು ಬಂದ ಮೇಲೆ ಉಳಿಯುವ ‘ನಾನು’

ಕಾಸರಗೋಡು ಪೇಟೆಯ ಒಂದು ಜವಳಿ ಅಂಗಡಿ. ನನ್ನ ಬಂಧುವರ್ಗದ 33 ವರ್ಷದ ಹೆಣ್ಣುಮಗಳೊಬ್ಬಳು ಚಿಕ್ಕಮ್ಮನ ಜತೆ ಚೂಡಿದಾರದ ಬಟ್ಟೆ ಕೊಳ್ಳಲು ಬಂದಿದ್ದಳು, ನಾನೂ ಜತೆಗಿದ್ದೆ. “ಅಕ್ಕಾ, ಯಾವ ಬಣ್ಣದ್ದು ತೋರಿಸುವುದು?” ಎಂದು ಅಂಗಡಿಯ ಹುಡುಗ ಕೇಳಿದ. ಅವಳು ಮಾತನಾಡಲಿಲ್ಲ. ಅವನೇ ಏಳೆಂಟು ತುಂಡುಗಳನ್ನು ಮೇಜಿನ ಮೇಲೆ ಬಿಡಿಸಿ ಹಾಕಿದ. ಅವಳು ಒಂದೊಂದನ್ನೂ ಮುಟ್ಟಿ ನೋಡಿ, ಪ್ರತಿ ಸಲವೂ ತಲೆಯೆತ್ತಿ ಚಿಕ್ಕಮ್ಮನ ಮುಖ ನೋಡುತ್ತಿದ್ದಳು. ಕಾಲು ಗಂಟೆ ಕಳೆಯುವಷ್ಟರಲ್ಲಿ ಅಂಗೈ ಬೆವತು, ಹಿಡಿದ ಬಟ್ಟೆಯ ಅಂಚು ಒದ್ದೆಯಾಗಿತ್ತು. “ನಿನಗೆ ಯಾವುದು ಇಷ್ಟವೋ ಅದನ್ನು ತೆಗೆ ಮಾರಾಯ್ತಿ, ನನ್ನನ್ನು ಯಾಕೆ ನೋಡುವುದು?” ಎಂದು ಚಿಕ್ಕಮ್ಮ ಅಕ್ಕರೆಯಿಂದಲೇ ಹೇಳಿದಾಗ ಅವಳ ಕಣ್ಣು ತುಂಬಿತು. “ಇಷ್ಟ ಅಂದರೆ ಹೇಗೆ ಗೊತ್ತಾಗುವುದು ಅಂತಲೇ ನನಗೆ ಮರೆತುಹೋಗಿದೆ, ಚಿಕ್ಕಮ್ಮ” ಎಂದಳು. 11 ವರ್ಷ ಒಂದು ಧಾರ್ಮಿಕ ಕೂಟದಲ್ಲಿ ಇದ್ದು, ಅದನ್ನು ಬಿಟ್ಟು ಬಂದು ಆಗ ಅವಳಿಗೆ ನಾಲ್ಕು ತಿಂಗಳಾಗಿತ್ತು. ಅಷ್ಟು ವರ್ಷವೂ ಉಡುವ ಬಣ್ಣ, ಉಣ್ಣುವ ಹೊತ್ತು, ಯಾರೊಡನೆ ಎಷ್ಟು ಮಾತು ಎಂಬುದನ್ನೆಲ್ಲ ಅವಳ ಪರವಾಗಿ ಬೇರೆಯವರು ತೀರ್ಮಾನಿಸಿದ್ದರು.

ಅವಳ ಒಪ್ಪಿಗೆ ಪಡೆದು, ಗುರುತು ಸಿಗಬಾರದೆಂದು ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಆ ಕೂಟ ಯಾವ ಧರ್ಮದ್ದು ಎಂಬುದನ್ನು ಹೇಳುವುದಿಲ್ಲ. ಹೇಳಿದ ಕೂಡಲೇ ನಮ್ಮ ಜಿಲ್ಲೆಯಲ್ಲಿ ಮಾತು ಆ ಧರ್ಮದ ಪರ ಮತ್ತು ವಿರೋಧಕ್ಕೆ ತಿರುಗುತ್ತದೆ, ಆ ಹೆಣ್ಣುಮಗಳು ಮರೆಯಾಗುತ್ತಾಳೆ. ವಿಷಯಕ್ಕೆ ಧರ್ಮದ ಹೆಸರು ಬೇಕಾಗಿಯೂ ಇಲ್ಲ, ಏಕೆಂದರೆ ವ್ಯಕ್ತಿತ್ವವನ್ನು ಹಿಂಡುವುದು ಒಂದು ಕೂಟದ ದೇವರೂ ಅಲ್ಲ, ತತ್ತ್ವವೂ ಅಲ್ಲ, ಅಲ್ಲಿನ ನಿಯಂತ್ರಣದ ವಿಧಾನ. ಕಟ್ಟುನಿಟ್ಟಾದ ವ್ರತ, ಮಡಿ, ಉಪವಾಸ, ಗುರುಭಕ್ತಿ ಇವೆಲ್ಲ ಲಕ್ಷಾಂತರ ಜನರ ಬದುಕಿನಲ್ಲಿ ಯಾವ ಹಾನಿಯನ್ನೂ ಮಾಡದೆ, ಎಷ್ಟೋ ಮಂದಿಗೆ ಆಸರೆಯೇ ಆಗಿ ಇವೆ. ನಾನು ಇಲ್ಲಿ ಹೇಳುತ್ತಿರುವುದು ಪ್ರಶ್ನೆ ಕೇಳುವುದನ್ನು ಪಾಪವೆಂದು ಕಲಿಸುವ, ಹೊರಗಿನವರ ಒಡನಾಟವನ್ನು ಕಡಿಯುವ, ಬಿಟ್ಟುಹೋದವರನ್ನು ಸತ್ತವರಂತೆ ಕಾಣುವ ಕೂಟಗಳ ಬಗ್ಗೆ ಮಾತ್ರ.

ಈ ವಿಧಾನವನ್ನು ಮೊದಲು ವ್ಯವಸ್ಥಿತವಾಗಿ ವಿವರಿಸಿದವರಲ್ಲಿ ಅಮೆರಿಕದ ಮನೋವೈದ್ಯ ರಾಬರ್ಟ್ ಜೇ ಲಿಫ್ಟನ್ ಮುಖ್ಯರು. 1950ರ ದಶಕದ ಮಧ್ಯದಲ್ಲಿ ಅವರು ಹಾಂಗ್‌ಕಾಂಗಿನಲ್ಲಿ ಕುಳಿತು, ಚೀನಾದ ಕಮ್ಯುನಿಸ್ಟ್ ಆಡಳಿತ ಜನರ ನಂಬಿಕೆಗಳನ್ನು ಬಲವಂತದಿಂದ ಬದಲಿಸಲು ನಡೆಸಿದ ‘ವಿಚಾರ ಪರಿವರ್ತನೆ’ಗೆ ಒಳಗಾಗಿ ಹೊರಬಂದ 25 ಪಾಶ್ಚಾತ್ಯರನ್ನೂ 15 ಚೀನೀಯರನ್ನೂ ದೀರ್ಘವಾಗಿ ಮಾತನಾಡಿಸಿದರು. 1961ರಲ್ಲಿ ಅವರು ಮುಂದಿಟ್ಟ ಎಂಟು ಲಕ್ಷಣಗಳನ್ನು ಮುಂದೆ ಧಾರ್ಮಿಕ ಕೂಟಗಳಿಗೂ ಅನ್ವಯಿಸಲಾಯಿತು. ಎಂಟನ್ನೂ ಇಲ್ಲಿ ಪಟ್ಟಿ ಮಾಡುವುದಿಲ್ಲ. ನಮ್ಮ ವಿಷಯಕ್ಕೆ ಬೇಕಾದವು ಮೂರು. ಒಬ್ಬ ವ್ಯಕ್ತಿ ಏನನ್ನು ನೋಡಬೇಕು, ಕೇಳಬೇಕು, ಕೊನೆಗೆ ತನ್ನೊಳಗೆ ತಾನೇ ಏನು ಮಾತನಾಡಿಕೊಳ್ಳಬೇಕು ಎಂಬುದರ ವರೆಗೆ ಸುತ್ತಲಿನ ವಾತಾವರಣವನ್ನು ಹಿಡಿತದಲ್ಲಿ ಇಡುವುದು ಮೊದಲನೆಯದು. ಮಾತಿನ ಅರ್ಥವನ್ನೇ ಬದಲಿಸುವುದು ಎರಡನೆಯದು. ವ್ಯಕ್ತಿಯ ಸ್ವಂತ ಅನುಭವಕ್ಕೂ ಕೂಟದ ಸಿದ್ಧಾಂತಕ್ಕೂ ತಾಳೆ ಬೀಳದಿದ್ದರೆ ಅನುಭವವೇ ಸುಳ್ಳೆಂದು ಒಪ್ಪಿಸುವುದು ಮೂರನೆಯದು. ಅಂಗಡಿಯಲ್ಲಿ ಕಂಡದ್ದು ಈ ಮೂರನೆಯದರ ಫಲ. ‘ಇಷ್ಟ’ ಎಂಬುದೂ ಒಂದು ಅನುಭವವೇ ತಾನೇ. ಅದು ಮೂಡಿದಾಗಲೆಲ್ಲ ಸುಳ್ಳು, ಮೋಹ, ಅಹಂಕಾರ ಎಂದು ಹೇಳಿಸಿಕೊಂಡರೆ ಮನಸ್ಸು ಕ್ರಮೇಣ ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತದೆ.

ನಮ್ಮ ಕಡೆ ಇಂತಹ ಬದಲಾವಣೆಗೆ ಹಿರಿಯರು ಕೊಡುವ ವಿವರಣೆ ಬೇರೆ. ಮಗ ಅಥವಾ ಮಗಳು ಇದ್ದಕ್ಕಿದ್ದಂತೆ ಮನೆಯವರಿಂದ ದೂರವಾಗಿ ಯಾರದೋ ಮಾತಿಗೆ ಬಿದ್ದರೆ ‘ಕೈವಿಷ ಹಾಕಿದ್ದಾರೆ’ ಎನ್ನುತ್ತಾರೆ. ತಿಂಡಿಯಲ್ಲಿಯೋ ಪಾನೀಯದಲ್ಲಿಯೋ ಏನನ್ನೋ ಸೇರಿಸಿ ಒಳಗೆ ಇಳಿಸಿದ್ದಾರೆ, ಮದ್ದು ಕೊಟ್ಟು ವಾಂತಿ ಮಾಡಿಸಿದರೆ ಅದು ಹೊರಬಂದು ಮೊದಲಿನ ಮನುಷ್ಯ ಮರಳುತ್ತಾನೆ ಎಂಬುದು ಅದರ ಹಿಂದಿನ ನಂಬಿಕೆ. ಕಾಲೇಜು ಓದಿದ ಕಿರಿಯರು ಕೈವಿಷವನ್ನು ನಂಬುವುದಿಲ್ಲ, ‘ಬ್ರೈನ್‌ವಾಶ್ ಮಾಡಿದ್ದಾರೆ’ ಎನ್ನುತ್ತಾರೆ. ಎರಡು ಮಾತುಗಳ ಕಟ್ಟಡ ಒಂದೇ ಎಂಬುದನ್ನು ಗಮನಿಸಬೇಕು. ಹೊರಗಿನಿಂದ ಏನೋ ಒಳಗೆ ಹೋಗಿದೆ, ಅದರ ಅಡಿಯಲ್ಲಿ ಹಳೆಯ ವ್ಯಕ್ತಿ ಇದ್ದ ಹಾಗೆಯೇ ಇದ್ದಾನೆ, ಒಳಗೆ ಹೋದದ್ದನ್ನು ತೆಗೆದರೆ ಸಾಕು ಎಂಬ ಕಲ್ಪನೆ ಎರಡರಲ್ಲಿಯೂ ಇದೆ. ಬಿಟ್ಟು ಬಂದವರನ್ನು ಮನೆಯವರು ತಪ್ಪಾಗಿ ತಿಳಿಯುವುದಕ್ಕೂ, ಬಿಟ್ಟು ಬಂದವರು ತಮ್ಮನ್ನು ತಾವೇ ತಪ್ಪಾಗಿ ತಿಳಿಯುವುದಕ್ಕೂ ಈ ಕಲ್ಪನೆ ದೊಡ್ಡ ಕಾರಣ ಎಂದು ನಾನು ತಿಳಿದಿದ್ದೇನೆ.

ಬ್ರೈನ್‌ವಾಶ್ ಎಂಬ ಸರಳ ವಿವರಣೆ ನಿಲ್ಲುವುದಿಲ್ಲ ಎಂಬುದಕ್ಕೆ ಒಳ್ಳೆಯ ಆಧಾರವಿದೆ. ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಐಲೀನ್ ಬಾರ್ಕರ್ ಕೊರಿಯಾ ಮೂಲದ ಯೂನಿಫಿಕೇಶನ್ ಚರ್ಚನ್ನು ಹಲವು ವರ್ಷ ಅಧ್ಯಯನ ಮಾಡಿ 1984ರಲ್ಲಿ ಪ್ರಕಟಿಸಿದ ವಿವರಗಳ ಪ್ರಕಾರ, ಅದರ ಶಿಬಿರಗಳಿಗೆ ಹೋದ ಸುಮಾರು 1,000 ಮಂದಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಸಂಸ್ಥೆಯನ್ನು ಸೇರಲೇ ಇಲ್ಲ. ಸೇರಿದವರಲ್ಲಿಯೂ ಬಹಳ ಮಂದಿ ಕೆಲವೇ ವರ್ಷಗಳಲ್ಲಿ ತಾವಾಗಿಯೇ ಬಿಟ್ಟುಹೋದರು. ತಡೆಯಲಾಗದ ಒಂದು ಮಂತ್ರವಿದ್ದಿದ್ದರೆ ಹೀಗಾಗುತ್ತಿರಲಿಲ್ಲ. ಈ ಬಗ್ಗೆ ವಿದ್ವಾಂಸರಲ್ಲಿ ತೀವ್ರ ಜಗಳವೇ ನಡೆಯಿತು. ಬಿಟ್ಟು ಬಂದ ನೂರಾರು ಮಂದಿಗೆ ನೆರವಾಗಿದ್ದ ಮನಶ್ಶಾಸ್ತ್ರಜ್ಞೆ ಮಾರ್ಗರೆಟ್ ಸಿಂಗರ್ ಅವರ ನೇತೃತ್ವದ ಸಮಿತಿ ಕೂಟಗಳ ಮೋಸದ ಮನವೊಲಿಕೆಯ ಬಗ್ಗೆ ಕೊಟ್ಟ ವರದಿಯನ್ನು, ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಒಪ್ಪದೆ ಬಿಟ್ಟಿತು.

ಹಾಗೆಂದು ಏನೂ ಆಗುವುದಿಲ್ಲ ಎನ್ನುವಂತೆಯೂ ಇಲ್ಲ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಹೊರತಂದ ರೋಗನಿರ್ಣಯ ಕೈಪಿಡಿಯ ಐದನೆಯ ಆವೃತ್ತಿಯು, ದೀರ್ಘಕಾಲ ತೀವ್ರವಾದ ಬಲವಂತದ ಮನವೊಲಿಕೆಗೆ ಒಳಗಾದವರಲ್ಲಿ ತಾನು ಯಾರೆಂಬ ಅರಿವೇ ಬಹುಕಾಲ ಕದಡಬಹುದು ಎಂಬುದನ್ನು ಗುರುತಿಸಿ, ಸೆರೆವಾಸ ಮತ್ತು ಚಿತ್ರಹಿಂಸೆಗಳ ಜತೆಗೆ ಇಂತಹ ಪಂಥಗಳನ್ನೂ ಉದಾಹರಿಸುತ್ತದೆ. ಸೇರುವ ಎಲ್ಲರಿಗೂ ಹೀಗಾಗುವುದಿಲ್ಲ. ಆದವರಿಗೆ ಆಗುವುದು ನಿಜ.

ಏನಾಗುತ್ತದೆ ಎಂದು ತಿಳಿಯಬೇಕಾದರೆ ನಾವು ಸಲೀಸಾಗಿ ಬೆರೆಸಿಬಿಡುವ ಎರಡು ವಿಷಯಗಳನ್ನು ಬೇರೆ ಮಾಡಿಕೊಳ್ಳಬೇಕು. ಒಂದು ಸ್ವಭಾವ. ಒಬ್ಬ ಮಾತುಗಾರ, ಇನ್ನೊಬ್ಬ ಮೌನಿ. ಒಬ್ಬಳಿಗೆ ಎಲ್ಲವೂ ಅಚ್ಚುಕಟ್ಟಾಗಿರಬೇಕು, ಇನ್ನೊಬ್ಬಳಿಗೆ ಅದರ ಗೊಡವೆಯಿಲ್ಲ. ಒಬ್ಬರು ಬೇಗ ಅಂಜುತ್ತಾರೆ, ಇನ್ನೊಬ್ಬರಿಗೆ ಹೊಸದೆಂದರೆ ಉತ್ಸಾಹ. ಇಂತಹ ಗುಣಗಳು ಪ್ರಾಯ ಬಂದ ಮೇಲೆ ಬಹಳ ನಿಧಾನವಾಗಿ ಬದಲಾಗುತ್ತವೆ. ಇನ್ನೊಂದು ಅಸ್ಮಿತೆ, ಅಂದರೆ ‘ನಾನು ಯಾರು, ಯಾರವನು, ಯಾವುದಕ್ಕಾಗಿ ಬದುಕುತ್ತೇನೆ’ ಎಂಬುದಕ್ಕೆ ಮನಸ್ಸು ಕೊಟ್ಟುಕೊಂಡಿರುವ ಉತ್ತರ. ನಿಯಂತ್ರಿಸುವ ಕೂಟ ಅಸ್ಮಿತೆಯನ್ನು ಪೂರ್ತಿಯಾಗಿ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಸ್ವಭಾವವನ್ನು ಅಷ್ಟು ಸುಲಭವಾಗಿ ಬದಲಿಸಲಾರದೆ, ತನಗೆ ಬೇಕಾದ ಕಡೆಗೆ ತಿರುಗಿಸಿ ದುಡಿಸಿಕೊಳ್ಳುತ್ತದೆ. ಅಚ್ಚುಕಟ್ಟಿನ ಹುಡುಗಿಯನ್ನು ಲೆಕ್ಕಪತ್ರಕ್ಕೆ ಕೂರಿಸುತ್ತದೆ, ಮಾತುಗಾರನನ್ನು ಹೊಸಬರನ್ನು ಸೆಳೆಯಲು ಕಳುಹಿಸುತ್ತದೆ. ಬಿಟ್ಟು ಬಂದ ಮೇಲೆ ಇದೇ ದೊಡ್ಡ ಗೊಂದಲವಾಗುತ್ತದೆ. ‘ನನ್ನ ಅಚ್ಚುಕಟ್ಟು ನನ್ನದೋ, ಅವರು ಹಾಕಿದ್ದೋ?’ ಎಂಬ ಪ್ರಶ್ನೆ ಹುಟ್ಟಿದರೆ ಅದಕ್ಕೆ ಒಂದೇ ಮಾತಿನ ಉತ್ತರವಿಲ್ಲ.

ಕುಂಬಳೆ ಸೀಮೆ ತೆಂಕುತಿಟ್ಟು ಯಕ್ಷಗಾನದ ನೆಲವಾದ್ದರಿಂದ ಇಲ್ಲಿನವರಿಗೆ ಒಂದು ಹೋಲಿಕೆ ಸುಲಭವಾಗಿ ಅರ್ಥವಾಗುತ್ತದೆ. ರಾತ್ರಿ ಮಹಿಷಾಸುರನಾಗಿ ಅಬ್ಬರಿಸಿದ ಕಲಾವಿದ ಬೆಳಗಿನ ಜಾವ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕುಳಿತು ಮುಖಕ್ಕೆ ತೆಂಗಿನೆಣ್ಣೆ ಹಚ್ಚಿ ಬಣ್ಣ ಒರೆಸಿಕೊಳ್ಳುತ್ತಾನೆ, ಚಾ ಕುಡಿಯುತ್ತ ನಿನ್ನೆಯ ಪದ್ಯ ಒಂದು ಎತ್ತರದ ಶ್ರುತಿಯಲ್ಲಿತ್ತು ಎಂದು ಭಾಗವತರೊಡನೆ ಮಾತನಾಡುತ್ತಾನೆ. ವೇಷ ಎಷ್ಟು ಆವರಿಸಿದರೂ ಅದರಿಂದ ಹೊರಗೆ ಕುಳಿತು ಅದನ್ನು ನೋಡುವ ಒಂದು ಜಾಗ ಅವನಿಗಿದೆ. ನಮ್ಮೆಲ್ಲರ ಬದುಕಿನಲ್ಲಿಯೂ ಇಂತಹ ಚೌಕಿಗಳಿವೆ. ಆಫೀಸಿನ ಗುಮಾಸ್ತ ಸಂಜೆ ತೋಟದಲ್ಲಿ ಬೇರೆಯೇ ಮನುಷ್ಯ, ಅತ್ತೆಯ ಮನೆಯ ಸೊಸೆ ತವರಿನಲ್ಲಿ ಬೇರೆಯೇ ಹುಡುಗಿ. ನಿಯಂತ್ರಿಸುವ ಕೂಟ ಮೊದಲು ಕಿತ್ತುಹಾಕುವುದು ಈ ಚೌಕಿಯನ್ನು. ತವರಿನ ದಾರಿ ಮುಚ್ಚುತ್ತದೆ, ಹಳೆಯ ಗೆಳತಿಯರು ‘ಲೌಕಿಕರು’ ಆಗುತ್ತಾರೆ, ಒಬ್ಬಳೇ ಕುಳಿತುಕೊಳ್ಳುವ ಹೊತ್ತು ಸಿಗುವುದಿಲ್ಲ. ದಿನದಲ್ಲಿ ಯಾವ ಗಳಿಗೆಯೂ ವೇಷದ ಹೊರಗೆ ಕಳೆಯದಿದ್ದರೆ ವೇಷವೇ ‘ನಾನು’ ಆಗುತ್ತದೆ. ಈ ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬಾರದು ಎಂದೂ ಹೇಳಬೇಕು. ಬಣ್ಣ ಒರೆಸಿದರೆ ಹಿಂದಿನ ಸಂಜೆಯ ಮುಖ ಸಿಗುವುದು ಒಂದು ರಾತ್ರಿಯ ಆಟದಲ್ಲಿ. ವೇಷ 11 ವರ್ಷ ಇದ್ದರೆ ಬಣ್ಣದ ಕೆಳಗಿನ ಮುಖಕ್ಕೂ 11 ವರ್ಷ ಪ್ರಾಯವಾಗಿರುತ್ತದೆ.

ಮಾತಿನ ವಿಷಯಕ್ಕೆ ಬರುತ್ತೇನೆ. ಬಿಟ್ಟು ಬಂದವರೊಡನೆ ಮಾತನಾಡುವಾಗ ನಾನು ಎಲ್ಲಕ್ಕಿಂತ ಹೆಚ್ಚು ಗಮನಿಸುವುದು ಇದನ್ನೇ. ಅವಳ ಕೂಟದಲ್ಲಿ ಸಂಶಯಕ್ಕೆ ‘ಕಲ್ಮಶ’ ಎಂದು ಹೆಸರು. ಅಮ್ಮನ ನೆನಪಾಗಿ ಅಳು ಬಂದರೆ ಅದು ‘ಹಳೆಯ ಕಟ್ಟು’. ದಣಿವಾದರೆ ‘ಶರೀರ ಆಟ ಆಡುತ್ತಿದೆ’. ವಾರಕ್ಕೊಮ್ಮೆ ಎಲ್ಲರೆದುರು ತಮ್ಮ ಕಲ್ಮಶಗಳನ್ನು ಹೇಳಿಕೊಳ್ಳಬೇಕಿತ್ತು. ಹೇಳಲು ಏನೂ ಇಲ್ಲವೆಂದರೆ ಅದೇ ದೊಡ್ಡ ಕಲ್ಮಶ ಎನ್ನಿಸಿಕೊಳ್ಳುವ ಕಾರಣ, ಇಲ್ಲದ್ದನ್ನೂ ಹುಡುಕಿ ಹೇಳುತ್ತಿದ್ದರಂತೆ. ಮನೆಯ ನೆನಪನ್ನು ‘ನೆನಪು’ ಎಂದು ಕರೆಯುವ ಪದವೇ ಇಲ್ಲದಿದ್ದರೆ ಅದನ್ನು ನೆನಪಾಗಿ ಅನುಭವಿಸುವುದೂ ಕಷ್ಟ. ಅದು ಮೂಡಿದೊಡನೆ ಒರೆಸಬೇಕಾದ ಕೊಳೆಯಾಗಿಯೇ ಕಾಣುತ್ತದೆ. ಹೊರಬಂದು ವರ್ಷವಾದರೂ ಅವಳು ನಿದ್ದೆ ಬಂದಾಗ ‘ನನಗೆ ನಿದ್ದೆ ಬರುತ್ತಿದೆ’ ಎನ್ನದೆ ‘ಶರೀರಕ್ಕೆ ನಿದ್ದೆ’ ಎನ್ನುತ್ತಿದ್ದಳು. ‘ನಾನು’ ಎಂಬ ಪದವನ್ನು ಬಳಸಲು ನಾಲಗೆ ಹಿಂಜರಿಯುತ್ತಿತ್ತು.

ಇಷ್ಟೆಲ್ಲ ಕಷ್ಟವಿದ್ದರೆ ಅಷ್ಟು ವರ್ಷ ಯಾಕೆ ಇದ್ದದ್ದು ಎಂದು ಎಲ್ಲರೂ ಕೇಳುತ್ತಾರೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ನೀರ್ಚಾಲಿನಲ್ಲೊಮ್ಮೆ ಅಡಿಕೆ ಸುಲಿಯುತ್ತ ಕುಳಿತ ಅಂಗಳದಲ್ಲಿಯೂ ಅವಳನ್ನು ಈ ಪ್ರಶ್ನೆ ಕೇಳಿದವರನ್ನು ನಾನು ನೋಡಿದ್ದೇನೆ. ಇದಕ್ಕೆ ಒಂದು ಉತ್ತರ ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಅವರ ಕೆಲಸದಲ್ಲಿದೆ. 1954ರ ಡಿಸೆಂಬರ್ 21ರಂದು ಜಲಪ್ರಳಯವಾಗುತ್ತದೆಂದು ನಂಬಿದ್ದ ಒಂದು ಸಣ್ಣ ಗುಂಪನ್ನು ಅವರೂ ಅವರ ಸಂಗಡಿಗರೂ ಅಮೆರಿಕದಲ್ಲಿ ಒಳಗಿನಿಂದಲೇ ಗಮನಿಸಿದರು. ಆ ದಿನ ಏನೂ ಆಗಲಿಲ್ಲ. ನಂಬಿಕೆಗಾಗಿ ಉದ್ಯೋಗ, ಆಸ್ತಿ, ನೆಂಟಸ್ತಿಕೆಗಳನ್ನು ಕಳೆದುಕೊಂಡಿದ್ದವರಲ್ಲಿ ಹಲವರು ಅನಂತರ ಇನ್ನಷ್ಟು ಹುರುಪಿನಿಂದ ಅದನ್ನು ಸಾರತೊಡಗಿದರು. ಹೆಚ್ಚು ತೆತ್ತವರಿಗೆ ‘ನಾನು ತಪ್ಪಿದೆ’ ಎಂದು ಒಪ್ಪುವುದು ಹೆಚ್ಚು ದುಬಾರಿ. ಇನ್ನೊಂದು ಉತ್ತರ, ತಾವೇ ಸುಮಾರು ಹತ್ತು ವರ್ಷ ಒಂದು ರಾಜಕೀಯ ಪಂಥದೊಳಗಿದ್ದು ಹೊರಬಂದ ಸಮಾಜಶಾಸ್ತ್ರಜ್ಞೆ ಜಾಂಜಾ ಲಾಲಿಚ್ ಅವರದು. ಒಳಗಿರುವವರು ಆಯ್ಕೆ ಮಾಡುತ್ತಲೇ ಇರುತ್ತಾರೆ, ಆದರೆ ಆಯ್ಕೆಯ ಎಲ್ಲೆ ಅಷ್ಟು ಕಿರಿದಾಗಿರುತ್ತದೆ ಎಂದರೆ ಉಳಿಯುವುದೊಂದೇ ವಿವೇಕದ ದಾರಿಯಾಗಿ ಕಾಣುತ್ತದೆ ಎಂದು ಅವರು 2004ರಲ್ಲಿ ವಿವರಿಸಿದರು. ಹೊರಗೆ ನಿಂತವರಿಗೆ ಬಾಗಿಲು ಕಾಣುತ್ತದೆ. ಒಳಗಿದ್ದವರಿಗೆ ಅದು ಗೋಡೆಯ ಬಣ್ಣದ್ದೇ ಆಗಿರುತ್ತದೆ.

ಹೊರಬಂದ ಮೇಲಿನ ತಿಂಗಳುಗಳ ಬಗ್ಗೆ ಸಿಂಗರ್ 1979ರಲ್ಲಿ ಬರೆದದ್ದು ಇಂದಿಗೂ ಉಪಯುಕ್ತವಾಗಿದೆ. 1987ರ ವಿವಾದದಿಂದ ಆ ವಿವರಣೆಗೆ ಕುಂದು ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಖಿನ್ನತೆ, ಒಂಟಿತನ, ತೀರ್ಮಾನ ತೆಗೆದುಕೊಳ್ಳಲಾಗದ ಸ್ಥಿತಿ, ಎಚ್ಚರವಿದ್ದೂ ಮನಸ್ಸು ಕಳಚಿ ಎಲ್ಲಿಗೋ ತೇಲುವುದು, ಯಾರು ಏನು ಹೇಳಿದರೂ ಒಪ್ಪಿಬಿಡುವುದು, ಕೂಟದವರು ಬರುತ್ತಾರೆಂಬ ಭಯ ಇವನ್ನೆಲ್ಲ ಅವರು ಗುರುತಿಸಿದರು. ಬಹಳ ಮಂದಿಗೆ ತಮ್ಮ ಓದಿಗೂ ಪ್ರತಿಭೆಗೂ ತಕ್ಕ ಬದುಕನ್ನು ಮತ್ತೆ ನಡೆಸಲು 6ರಿಂದ 18 ತಿಂಗಳು ಹಿಡಿಯುತ್ತದೆ ಎಂದೂ ಬರೆದರು.

ತೇಲುವುದು ಎಂದರೆ ಏನೆಂದು ಹತ್ತಿರದಿಂದ ನೋಡಿದ್ದೇನೆ. ಒಂದು ಸಂಜೆ ಅವಳು ಚಿಕ್ಕಮ್ಮನ ಅಡುಗೆಮನೆಯಲ್ಲಿ ಬಸಳೆ ಕೊಯ್ಯುತ್ತಿದ್ದಳು. ಪಕ್ಕದ ಮನೆಯಿಂದ ಯಾರೋ ಪಾತ್ರೆಗೆ ಸೌಟು ತಾಗಿಸಿದ ಸದ್ದು ಮೂರು ಸಲ ಬಂತು. ಕೂಟದಲ್ಲಿ ಪ್ರಾರ್ಥನೆಗೆ ಮೂರು ಸಲ ಗಂಟೆ ಹೊಡೆಯುತ್ತಿದ್ದರಂತೆ. ಅವಳ ಕೈ ನಿಂತಿತು, ಬೆನ್ನು ನೆಟ್ಟಗಾಯಿತು, ಕಣ್ಣು ತೆರೆದೇ ಇತ್ತು. ಹೆಸರು ಹಿಡಿದು ಎರಡು ಸಲ ಕರೆದ ಮೇಲೆ ತಿರುಗಿದಳು. “ಎಲ್ಲಿಗೆ ಹೋಗಿದ್ದೆ?” ಎಂದು ಕೇಳಿದ್ದಕ್ಕೆ “ಹೋಗಲಿಲ್ಲ, ಅಲ್ಲಿಯೇ ಇದ್ದೆ” ಎಂದಳು. ಯಾವ ‘ಅಲ್ಲಿ’ ಎಂದು ನಾನು ಕೇಳಲಿಲ್ಲ. ವರ್ಷಗಟ್ಟಲೆ ಒಂದು ಸದ್ದಿಗೆ ಒಂದೇ ರೀತಿ ಸ್ಪಂದಿಸಿದ ಮನಸ್ಸು ಆ ಸದ್ದು ಕೇಳಿದಾಗ ಹಳೆಯ ಸ್ಥಿತಿಗೆ ಜಾರುವುದು ಹುಚ್ಚಲ್ಲ. ಏನು ಸದ್ದು, ಏನು ವಾಸನೆ, ಯಾವ ಮಾತು ಬಂದಾಗ ಹೀಗಾಗುತ್ತದೆ ಎಂದು ಒಂದು ಪುಸ್ತಕದಲ್ಲಿ ಬರೆದಿಡತೊಡಗಿದ ಮೇಲೆ ಅವಳಿಗೆ ಅದರ ಭಯ ಇಳಿಯಿತು. ಕಾರಣ ತಿಳಿದ ಜಾರುವಿಕೆಯನ್ನು ಮುಂಚೆಯೇ ಗುರುತಿಸಬಹುದು.

ಸಿಂಗರ್ ಹೇಳುವ ಇನ್ನೊಂದು ತೊಂದರೆ ನಮ್ಮ ಕೂಡುಕುಟುಂಬಗಳಿಗೆ ಬಹಳ ಹೊಂದುತ್ತದೆ. ಬಿಟ್ಟು ಬಂದವರು ಗಾಜಿನ ತೊಟ್ಟಿಯ ಮೀನಿನಂತಾಗುತ್ತಾರೆ. ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ ‘ಮತ್ತೆ ಅದೇ ಶುರುವಾಯಿತಾ?’, ದೀಪ ಹಚ್ಚುವಾಗ ಒಂದು ಗಳಿಗೆ ಹೆಚ್ಚು ನಿಂತರೆ ‘ಇನ್ನೂ ಬಿಟ್ಟಿಲ್ಲ’, ಫೋನಿನಲ್ಲಿ ಮೆಲ್ಲಗೆ ಮಾತನಾಡಿದರೆ ‘ಅವರೇ ಇರಬೇಕು’. ಪ್ರೀತಿಯಿಂದಲೇ ಮಾಡುವ ಕಾವಲು ಇದು. ಕೂಟದಲ್ಲಿಯೂ ಇದ್ದದ್ದು ಪ್ರೀತಿಯ ಹೆಸರಿನ ಕಾವಲೇ ಆದ್ದರಿಂದ, ನೋಡುವ ಕಣ್ಣುಗಳು ಬದಲಾದವು ಎಂಬುದಕ್ಕಿಂತ ಹೆಚ್ಚಿನ ವ್ಯತ್ಯಾಸ ಅವರಿಗೆ ಕಾಣುವುದಿಲ್ಲ.

ಖಾಲಿತನದ ಬಗ್ಗೆಯೂ ಹೇಳಬೇಕು, ಏಕೆಂದರೆ ಮನೆಯವರು ಇದನ್ನು ನಿರೀಕ್ಷಿಸಿರುವುದಿಲ್ಲ. ಬಿಡುಗಡೆಯಾಯಿತಲ್ಲ, ಖುಷಿಯಾಗಿರಬೇಕಲ್ಲ ಎಂದು ಅವರ ಲೆಕ್ಕ. ಆದರೆ ಒಳಗಿದ್ದಾಗ ಪಾತ್ರೆ ತೊಳೆಯುವುದಕ್ಕೂ ಲೋಕೋದ್ಧಾರದ ಅರ್ಥವಿತ್ತು. ಹೊರಗೆ ಪಾತ್ರೆ ಬರೀ ಪಾತ್ರೆ. ಜತೆಗೆ ಎದ್ದು, ಜತೆಗೆ ಉಂಡು, ಜತೆಗೆ ಹಾಡಿದ ನಲವತ್ತು ಮಂದಿ ಒಂದೇ ದಿನದಲ್ಲಿ ಇಲ್ಲವಾಗಿದ್ದಾರೆ. ಅವರಲ್ಲಿ ನಿಜವಾಗಿ ಒಳ್ಳೆಯವರೂ ಇದ್ದರು. ಆ ಸಾವಿಗೆ ಸೂತಕವಿಲ್ಲ, ಉತ್ತರಕ್ರಿಯೆಯ ಬೊಜ್ಜವಿಲ್ಲ, ವಿಚಾರಿಸಲು ಬರುವ ನೆಂಟರಿಲ್ಲ. ದುಃಖಪಡಲು ಅವಕಾಶ ಸಿಗದ ಕೆಲವರು ಬೇಗನೆ ಇನ್ನೊಂದು ಖಚಿತತೆಯನ್ನು ಹುಡುಕಿಕೊಳ್ಳುತ್ತಾರೆ. ಮತ್ತೊಂದು ಕೂಟ, ಅಥವಾ ಅಷ್ಟೇ ಕಟ್ಟಾದ ಒಂದು ರಾಜಕೀಯ, ಇಲ್ಲವೇ ‘ಎಲ್ಲ ಧರ್ಮವೂ ಮೋಸ’ ಎಂಬ ಅಷ್ಟೇ ಬಿಗಿಯಾದ ಹಟ. ಒಳಗೆ ಕಲಿತ ಕಪ್ಪುಬಿಳುಪಿನ ಯೋಚನೆ ಹಾಗೆಯೇ ಉಳಿದು, ಬಣ್ಣಗಳು ಮಾತ್ರ ಅದಲುಬದಲಾಗಿರುತ್ತವೆ.

ಸಮಾಜಶಾಸ್ತ್ರಜ್ಞೆ ಹೆಲೆನ್ ರೋಸ್ ಈಬಾ ಸ್ವತಃ ಕ್ಯಾಥೊಲಿಕ್ ಸನ್ಯಾಸಿನಿಯಾಗಿದ್ದು ಆ ಬದುಕನ್ನು ಬಿಟ್ಟವರು. ವಿಚ್ಛೇದನ ಪಡೆದವರು, ವೃತ್ತಿ ಬಿಟ್ಟ ವೈದ್ಯರು, ಕುಡಿತ ಬಿಟ್ಟವರು, ಮಠದ ಬದುಕು ತೊರೆದವರು ಹೀಗೆ 185 ಮಂದಿಯ ಅನುಭವವನ್ನು ಕಲೆಹಾಕಿ 1988ರಲ್ಲಿ ಅವರು ಒಂದು ಮಾತನ್ನು ಮುಂದಿಟ್ಟರು: ‘ಮಾಜಿ’ ಆಗುವುದು ಕೂಡ ಒಂದು ಪಾತ್ರ, ಹಿಂದಿನ ಪಾತ್ರದ ಪಳೆಯುಳಿಕೆ ಅದರಲ್ಲಿ ಸದಾ ಇರುತ್ತದೆ. ಎಂದೂ ಮದುವೆಯಾಗದವಳು ಬೇರೆ, ವಿಚ್ಛೇದಿತೆ ಬೇರೆ. ಅಂತೆಯೇ ಎಂದೂ ಸೇರದವಳಾಗಿ ಯಾರೂ ಹಿಂದಿರುಗಲಾರರು. 22ರ ಹುಡುಗಿಯನ್ನು ಹಿಂದಕ್ಕೆ ಕೊಡು ಎಂದು ಅಮ್ಮ ಕೇಳುವಾಗ, ಇಲ್ಲದ ಒಬ್ಬಳನ್ನು ತಂದುಕೊಡಲಾರದ ತಪ್ಪಿತಸ್ಥ ಭಾವ 33ರ ಹೆಂಗಸನ್ನು ಕಾಡುತ್ತದೆ.

ಕೂಟದೊಳಗೇ ಹುಟ್ಟಿ ಬೆಳೆದವರ ಸ್ಥಿತಿ ಇದಕ್ಕಿಂತ ಕಠಿಣ. ಅವರಿಗೆ ‘ಮೊದಲಿನ ನಾನು’ ಎಂಬುದೇ ಇಲ್ಲ. ಹದಿಹರೆಯದಲ್ಲಿ ಒಂದಷ್ಟು ಕಾಲ ಬೇರೆಬೇರೆ ದಾರಿಗಳನ್ನು ತಡಕಾಡುವ ಬಿಡುವು ಬೇಕೆಂದು ಮನೋವಿಶ್ಲೇಷಕ ಎರಿಕ್ ಎರಿಕ್ಸನ್ ಹೇಳಿದ್ದರು. ಆ ತಡಕಾಟವೇ ಇಲ್ಲದೆ ಹಿರಿಯರು ಕೊಟ್ಟ ಉತ್ತರವನ್ನು ಹಾಗೆಯೇ ತೊಟ್ಟುಕೊಂಡ ಸ್ಥಿತಿಯನ್ನು ಮನಶ್ಶಾಸ್ತ್ರಜ್ಞ ಜೇಮ್ಸ್ ಮಾರ್ಸಿಯಾ 1966ರಲ್ಲಿ ಪ್ರತ್ಯೇಕವಾಗಿ ಗುರುತಿಸಿದರು. ಕೂಟದಲ್ಲಿ ಬೆಳೆದವರು ಹೊರಬರುವಾಗ 25 ಅಥವಾ 30ರ ಪ್ರಾಯದಲ್ಲಿ ಆ ತಡಕಾಟಕ್ಕೆ ತೊಡಗುತ್ತಾರೆ. 16ರ ಹುಡುಗ ಕೂದಲಿಗೆ ಬಣ್ಣ ಹಾಕಿದರೆ ‘ಪ್ರಾಯದ ಆಟ’ ಎನ್ನುವ ಊರು, 30ರವನು ಅದನ್ನೇ ಮಾಡಿದರೆ ‘ಹಾಳಾದ’ ಎನ್ನುತ್ತದೆ. ಅವನು ಮಾಡುತ್ತಿರುವುದು ಬಾಕಿ ಉಳಿದ ಪಾಠವನ್ನು ಎಂದು ತಿಳಿದರೆ ಹಾಗೆ ಹೇಳಲು ಬಾಯಿ ಬರಲಾರದು.

ಹಾಗಾದರೆ ಯಾವುದು ನಿಜವಾದ ತಾನು ಎಂಬ ಪ್ರಶ್ನೆಗೆ ಏನು ಉತ್ತರ? ಕಾಸರಗೋಡಿನವನಾಗಿ ನನಗೆ ತೋರುವುದನ್ನು ಹೇಳುತ್ತೇನೆ. ನಮ್ಮದು ಸಪ್ತಭಾಷೆಗಳ ನಾಡು. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಮರಾಠಿಯೋ ಬ್ಯಾರಿಯೋ ಆಡುವವರು ಶಾಲೆಯಲ್ಲಿ ಕನ್ನಡ ಓದುತ್ತಾರೆ, ಆಫೀಸಿನಲ್ಲಿ ಮಲಯಾಳದಲ್ಲಿ ಅರ್ಜಿ ತುಂಬುತ್ತಾರೆ. 1956ರ ನವೆಂಬರ್ 1ರಂದು ರಾಜ್ಯವೇ ಬದಲಾಯಿತು. ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನಮ್ಮ ಹಿರಿಯರು ಮನೆ ಬಿಟ್ಟು ಕದಲದೆಯೇ ಕೇರಳದವರಾದರು. ಅದರ ನೋವು ಇಂದಿಗೂ ಇದೆ. ಆದರೂ ತುಳು ಆಡುವಾಗಿನ ನೀನು ನಿಜವೋ ಕನ್ನಡ ಬರೆಯುವಾಗಿನ ನೀನು ನಿಜವೋ ಎಂದು ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಎಲ್ಲಿ ಯಾವುದನ್ನು ಆಡಬೇಕೆಂದು ಆಡುವವರೇ ತೀರ್ಮಾನಿಸುತ್ತಾರೆ, ಅಷ್ಟೇ. ಕೂಟ ಕಿತ್ತುಕೊಂಡದ್ದು ಆ ತೀರ್ಮಾನದ ಹಕ್ಕನ್ನು. ಕೂಟದಲ್ಲಿ ಕಲಿತ ಶಿಸ್ತು, ಸೇವೆಯ ಗುಣ, ಹಾಡು, ಅಡುಗೆ ಯಾವುದೂ ಕೈವಿಷವಲ್ಲ, ವಾಂತಿ ಮಾಡಬೇಕಾದದ್ದೂ ಅಲ್ಲ. ದುಡಿದದ್ದು ಅವಳ ಕೈ, ಕರಗಿದ್ದು ಅವಳ ಮನಸ್ಸು. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಈಗ ಅವಳು ಆರಿಸಬೇಕು. ಆರಿಸುವ ಶಕ್ತಿಯೇ ಸೊರಗಿರುವುದರಿಂದ ಅದಕ್ಕೆ ಕಾಲ ಬೇಕು.

ಆದ್ದರಿಂದ ಚಿಕ್ಕ ಆಯ್ಕೆಗಳಿಗೆ ದೊಡ್ಡ ಬೆಲೆಯಿದೆ. ‘ಮುಂದೆ ಏನು ಮಾಡುತ್ತೀ?’ ಎಂದು ಕೇಳುವುದಕ್ಕಿಂತ ‘ಚಾ ಮಾಡಲಾ, ಕಾಫಿ ಮಾಡಲಾ?’ ಎಂದು ಕೇಳಿ ಉತ್ತರ ಬರುವ ತನಕ ಕಾಯುವುದು ಒಳ್ಳೆಯದು. ‘ಯಾವುದಾದರೂ ಆದೀತು’ ಎಂದರೆ ಎರಡನ್ನೂ ಒಂದೊಂದು ಗುಟುಕು ಕೊಟ್ಟು ನೋಡಬಹುದು. ಅವಳ ಚಿಕ್ಕಮ್ಮ ಹಾಗೆಯೇ ಮಾಡಿದರು. ಕೂಟವನ್ನು ಬೈಯುವ ಕೆಲಸವನ್ನು ಮನೆಯವರು ವಹಿಸಿಕೊಳ್ಳಬಾರದು. ಬೈದಾಗ ಅಲ್ಲಿ ಕಳೆದ ವರ್ಷಗಳೆಲ್ಲ ಮೂರ್ಖತನವೆಂದು ಹೇಳಿದಂತಾಗಿ, ಅವಳು ಕೂಟದ ಪರವಾಗಿ ಮಾತನಾಡಬೇಕಾಗಿ ಬರುತ್ತದೆ.

ಬಲವಂತವಂತೂ ಕೂಡದು. 1970ರ ದಶಕದ ಅಮೆರಿಕದಲ್ಲಿ ಕೆಲವು ಕುಟುಂಬಗಳು ಹಣ ಕೊಟ್ಟು ತಮ್ಮ ಪ್ರಾಯಕ್ಕೆ ಬಂದ ಮಕ್ಕಳನ್ನು ಕೂಟಗಳಿಂದ ಎತ್ತಿಕೊಂಡು ಬರಿಸಿ, ಕೋಣೆಯಲ್ಲಿ ಕೂಡಿಹಾಕಿ, ನಂಬಿಕೆ ಬಿಡುವ ತನಕ ವಾದಿಸುವ ಏರ್ಪಾಡು ಮಾಡಿದವು. ಅದು ಅಪಹರಣದ ಪ್ರಕರಣಗಳಾಗಿ ನ್ಯಾಯಾಲಯ ಹತ್ತಿತು, ಮಾಡಿದ ಕೆಲವರು ಜೈಲಿಗೂ ಹೋದರು. ನಮ್ಮ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಒಬ್ಬರು ಯಾವ ಧಾರ್ಮಿಕ ಗುಂಪಿಗೆ ಸೇರಿದವರು ಎಂಬುದರಿಂದಾಗಲಿ, ತಮ್ಮ ಸಮುದಾಯದ ಧಾರ್ಮಿಕ ನಂಬಿಕೆಗೆ ಅವರು ಹೊಂದಿಕೊಳ್ಳುವುದಿಲ್ಲ ಎಂಬುದರಿಂದಾಗಲಿ ಅವರಿಗೆ ಮಾನಸಿಕ ಕಾಯಿಲೆಯಿದೆ ಎಂದು ತೀರ್ಮಾನಿಸುವಂತಿಲ್ಲ. ಸೇರಿದವರಿಗೂ ಬಿಟ್ಟು ಬಂದವರಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ನಿದ್ದೆ ಬಾರದಿರುವುದು, ಬದುಕು ಬೇಡವೆನಿಸುವುದು, ತೇಲುವಿಕೆ ಹೆಚ್ಚುತ್ತ ಹೋಗುವುದು ಕಂಡರೆ ವೈದ್ಯರ ನೆರವು ಪಡೆಯಲು ತಡಮಾಡಬಾರದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇಲ್ಲಿಯೂ ಇದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ, ಅದರಲ್ಲಿ ಭಾಷೆಯನ್ನು ಆರಿಸಿಕೊಳ್ಳಬಹುದು. ಭಾಷೆಯನ್ನು ಎತ್ತಿ ಹೇಳುವುದಕ್ಕೆ ಕಾರಣವಿದೆ. ಮಲಯಾಳದಲ್ಲಿ ವ್ಯವಹಾರ ಮಾಡಬಲ್ಲ ನಮ್ಮ ಅನೇಕರಿಗೆ ಮಲಯಾಳದಲ್ಲಿ ಅಳಲು ಬರುವುದಿಲ್ಲ. ‘ನಾನು’ ಎನ್ನುವುದನ್ನೇ ಹೊಸದಾಗಿ ಕಲಿಯುತ್ತಿರುವವರಿಗೆ ಅದನ್ನು ಮೊದಲು ಕಲಿತ ಭಾಷೆಯಲ್ಲಿ ಮಾತನಾಡಲು ಸಾಧ್ಯವಾಗಬೇಕು.

ಅವಳು ಬಂದು ಈಗ ಮೂರು ವರ್ಷ ಕಳೆದಿದೆ. ಬದಿಯಡ್ಕದ ಕಡೆ ಒಂದು ಸಣ್ಣ ಸಂಸ್ಥೆಯಲ್ಲಿ ಲೆಕ್ಕ ಬರೆಯುತ್ತಾಳೆ; ಲೆಕ್ಕ ಬರೆಯುವುದನ್ನು ಕಲಿತದ್ದು ಕೂಟದಲ್ಲಿಯೇ. ಬೆಳಗ್ಗೆ ನಾಲ್ಕಕ್ಕೆ ಏಳುವ ಅಭ್ಯಾಸ ಹೋಗಿಲ್ಲ. ಕಳೆದ ಸಲ ನಾನು ಹೋಗಿದ್ದಾಗ ಚಿಕ್ಕಮ್ಮ ನನ್ನೆದುರೇ, “ಇನ್ನೂ ಯಾಕೆ ಆ ಹೊತ್ತಿಗೆ ಏಳುವುದು ನೀನು? ಅವರು ಕಲಿಸಿದ್ದನ್ನು ಬಿಡಲಿಕ್ಕೆ ಆಗುವುದಿಲ್ಲವಾ?” ಎಂದು ಕೇಳಿದರು. ಅವಳು ಸ್ವಲ್ಪ ಯೋಚಿಸಿ, “ಆ ಹೊತ್ತಿಗೆ ಅಂಗಳದಲ್ಲಿ ಯಾರೂ ಇರುವುದಿಲ್ಲ, ಚಿಕ್ಕಮ್ಮ. ನನಗೆ ಅದು ಇಷ್ಟ. ಬೇಡ ಅನಿಸಿದ ದಿನ ಮಲಗುತ್ತೇನೆ” ಎಂದಳು. ಕಳೆದ ಆಟಿ ತಿಂಗಳ ಮಳೆಯಲ್ಲಿ ಹದಿನೈದು ದಿನ ಬೆಳಗ್ಗೆ ಏಳೂವರೆಯ ತನಕ ಮಲಗಿದ್ದಳೆಂದು ಚಿಕ್ಕಮ್ಮ ಆಮೇಲೆ ಹೇಳಿದರು.